ವಾಲ್ವ್ ಮಾತ್ರೆಗೆ ಗೋಡೆ ಕ್ಯಾಲೆಂಡರ್

ಮನೆಯಲ್ಲಿ ಯಾರಾದರೂ ಹೃದಯಕ್ಕೆ ಲೋಹದ ವಾಲ್ವ್ ಹಾಕಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅಸಿಟ್ರಾಮ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮಾತ್ರೆ ನುಂಗಿದ ಕೂಡಲೇ ಗೋಡೆ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಎಷ್ಟು ಮಿ.ಗ್ರಾಂ ಅಂತ ಬರೆಯಿರಿ. ಸುಮ್ನೆ ಟಿಕ್ ಹಾಕಿದರೆ ಸಾಲದು, ಅಂಕಿಯೇ ಬೇಕು. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ರಕ್ತ ಪರೀಕ್ಷೆ) ಮಾಡಿಸಿದ ದಿನ ಅದರ ಅಂಕಿಯನ್ನೂ ಅಲ್ಲೇ ಕೆಂಪು ಪೆನ್ನಿನಲ್ಲಿ ಬರೆದಿಡಿ. ಈ ಮಾತ್ರೆ ಎಷ್ಟೋ ಜನರಿಗೆ ಒಂದು ದಿನ 2, ಮರುದಿನ 3 ಅಂತ ಇರುತ್ತದೆ. "ನಿನ್ನೆ ಎಷ್ಟು ತಗೊಂಡ್ಯಮ್ಮಾ?" ಅಂದರೆ ಯಾರಿಗೆ ನೆನಪಿರುತ್ತೆ, ಅಲ್ವಾ? ತಪ್ಪಿದರೆ ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ, ಜಾಸ್ತಿಯಾದರೆ ರಕ್ತಸ್ರಾವದ ಭಯ. ಇವತ್ತಿನ ಡೋಸಿನ ಪರಿಣಾಮ ಐಎನ್‌ಆರ್‌ನಲ್ಲಿ ಪೂರ್ತಿ ಕಾಣಲು ಕೆಲವು ದಿನ ಬೇಕು. ಅದಕ್ಕೇ ಡಾಕ್ಟರಿಗೆ ಹಿಂದಿನ ವಾರದ ಅಂಕಿಗಳು ಬೇಕಾಗುವುದು. ಆ ಪುಟದ ಫೋಟೋ ತೋರಿಸಿದರೆ ಸಾಕು. ಸೊಪ್ಪು ಜಾಸ್ತಿಯಾದರೆ ಈ ಮಾತ್ರೆಯ ಪರಿಣಾಮ ತಗ್ಗಬಹುದು, ಹಾಗಾಗಿ ಬಸಳೆ, ಪಾಲಕ್ ಜಾಸ್ತಿ ತಿಂದ ದಿನ ಮೂಲೆಯಲ್ಲಿ "ಸೊ" ಅಂತ ಬರೆಯಿರಿ. ಸೊಪ್ಪು ಬಿಡಬೇಕಿಲ್ಲ, ವಾರವಾರ ಹೆಚ್ಚೂಕಡಿಮೆ ಒಂದೇ ಅಳತೆ ಇದ್ದರಾಯಿತು. ನುಂಗುವ ಮೊದಲೇ ಬರೆದಿಡಬೇಡಿ, ಹಾಗೆ ಮಾಡಿದರೆ ಈ ಉಪಾಯ ಕೆಡುತ್ತದೆ. ಒಂದು ದಿನದ ಚೌಕ ಖಾಲಿ ಇದೆ ಅಂತ ಮರುದಿನ ಎರಡು ದಿನದ್ದು ಒಟ್ಟಿಗೆ ನುಂಗಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಆಂಟಿಬಯಾಟಿಕ್, ನೋವಿನ ಮಾತ್ರೆ, ನಾಟಿ ಔಷಧಿ ಶುರುವಾದರೆ ಡೋಸ್ ಸರಿಯಿದ್ದರೂ ಐಎನ್‌ಆರ್ ಏರುಪೇರಾಗಬಹುದು, ಮೊದಲೇ ಕೇಳಿ. ಮಲ ಕಪ್ಪಾದರೆ, ತಲೆಗೆ ಪೆಟ್ಟು ಬಿದ್ದರೆ, ಬಾಯಿ ಸೊಟ್ಟಗಾದರೆ ಕ್ಯಾಲೆಂಡರ್ ನೋಡುತ್ತಾ ಕೂರದೆ ನೇರ ಆಸ್ಪತ್ರೆಗೆ ಹೊರಡಿ.