ನೀರಿಗಾಗಿ ದಾಳ ಹಾಕಿ: ಚಾಕೋ ಯುದ್ಧವನ್ನು ಮೇಜಿನ ಮೇಲೆ ಆಡುವುದು ಹೇಗೆ?

ಪುಟ್ಟ ಬೊಂಬೆ ಸೈನಿಕರನ್ನು ನಿಲ್ಲಿಸಿ, ದಾಳ ಉರುಳಿಸಿ ಯುದ್ಧದ ಆಟ ಆಡುವವರು ಹೆಚ್ಚಾಗಿ ನೆಪೋಲಿಯನ್‌ನನ್ನೋ ಎರಡನೇ ಮಹಾಯುದ್ಧವನ್ನೋ ಹಿಡಿಯುತ್ತಾರೆ. ಅದು ಸಾಕಾಗಿದ್ದರೆ ಚಾಕೋ ಯುದ್ಧ ನೋಡಿ. 1932ರಿಂದ 1935ರವರೆಗೆ ದಕ್ಷಿಣ ಅಮೆರಿಕದ ಬೊಲಿವಿಯಾ ಮತ್ತು ಪರಾಗ್ವೇ ಚಾಕೋ ಎಂಬ ಮುಳ್ಳುಕಾಡಿಗಾಗಿ ಹೊಡೆದಾಡಿದವು. ಎರಡೂ ಬಡ ದೇಶಗಳು. ಎರಡಕ್ಕೂ ಕಡಲ ತೀರವಿಲ್ಲ. ಬೊಲಿವಿಯಾದ ಸೈನಿಕರಲ್ಲಿ ಬಹಳ ಜನ ತಣ್ಣನೆಯ ಎತ್ತರದ ಬಯಲಿನ ಐಮಾರಾ, ಕೆಚುವಾ ರೈತರು. ಅವರನ್ನು ಸುಡುವ ತಗ್ಗು ಕಾಡಿಗೆ ಇಳಿಸಲಾಗಿತ್ತು. ಪರಾಗ್ವೇ ಕಡೆ ಎಷ್ಟೋ ಜನರ ಕಾಲಿಗೆ ಬೂಟೇ ಇರಲಿಲ್ಲ. ಸುಮಾರು 1 ಲಕ್ಷ ಜನ ಸತ್ತರು. ರೋಗಕ್ಕೆ, ಬಾಯಾರಿಕೆಗೆ ಹೋದವರೇ ಬಹಳ. ಹಾಗಾಗಿ ಈ ಆಟದಲ್ಲಿ ನೀರು ಮೊದಲು, ಬಂದೂಕು ಆಮೇಲೆ.

1. ಸೈನ್ಯ ಕಟ್ಟಿ

ಈ ಯುದ್ಧಕ್ಕೆಂದೇ ಮಾಡಿದ ಬೊಂಬೆಗಳು ವಿದೇಶದಲ್ಲಿ ಸಿಗುತ್ತವೆ. ಆದರೆ ತರಿಸುವ ಖರ್ಚು, ಸುಂಕ ಎಲ್ಲಾ ಸೇರಿದರೆ ಜೇಬಿಗೆ ಭಾರ. 1:72 ಅಳತೆಯ, ಅಂದರೆ ನಿಜ ಗಾತ್ರದ 72ರಲ್ಲಿ ಒಂದು ಭಾಗದ, ಪ್ಲಾಸ್ಟಿಕ್ ಸೈನಿಕರು ಸಾಕು. ಅಗಲ ಅಂಚಿನ ಟೋಪಿ ಹಾಕಿದ ಮೊದಲ ಮಹಾಯುದ್ಧದ ಆಸ್ಟ್ರೇಲಿಯಾ ಸೈನಿಕರು ಸಿಕ್ಕರೆ ಪರಾಗ್ವೇಗೆ ಹೇಳಿ ಮಾಡಿಸಿದಂತಿರುತ್ತಾರೆ. ಬೊಲಿವಿಯಾಕ್ಕೆ ಬಟ್ಟೆಯ ಟೋಪಿಯ ಯಾವ ಸೈನಿಕರಾದರೂ ಆದೀತು. ಪ್ರತಿ ಕಡೆಗೆ 8 ಜನರ 4 ತುಕಡಿ ಇರಲಿ.

ಬಣ್ಣ ಬಳಿಯುವ ಮೊದಲು ಬೊಂಬೆಗಳನ್ನು ಸೋಪಿನ ನೀರಲ್ಲಿ ತೊಳೆದು ಒಣಗಿಸಿ, ಇಲ್ಲದಿದ್ದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಪರಾಗ್ವೇಗೆ ಆಲಿವ್ ಹಸಿರು, ಬೊಲಿವಿಯಾಕ್ಕೆ ಬೂದು ಕಲೆತ ಖಾಕಿ. ಪರಾಗ್ವೇಯವರ ಬೂಟಿನ ಮೇಲೆ ಮೈಬಣ್ಣ ಬಳಿದುಬಿಡಿ, ಬರಿಗಾಲಾಯಿತು! ಎಲ್ಲರಿಗೂ ಒಂದೇ ಬಣ್ಣ ಬೇಡ. ಒಬ್ಬನ ಅಂಗಿ ಬಿಸಿಲಿಗೆ ಮಾಸಿರಲಿ, ಇನ್ನೊಬ್ಬನ ಚಡ್ಡಿಗೆ ತೇಪೆ ಇರಲಿ. ಕೊನೆಗೆ ಹಾರ್ಡ್‌ವೇರ್ ಅಂಗಡಿಯ ಅಗಲ ವಾಷರ್ ಮೇಲೆ ಅಂಟಿಸಿ. ಭಾರ ಇದ್ದರೆ ಫ್ಯಾನ್ ಗಾಳಿಗೆ ಬೀಳುವುದಿಲ್ಲ.

ಪ್ರತಿ ಕಡೆಗೂ ಒಂದೊಂದು ಹಳೇ ಲಾರಿ ಬೇಕೇ ಬೇಕು. ಆಟಿಕೆ ಅಂಗಡಿಯ ಲಾರಿಯ ಹಿಂಭಾಗ ಕಿತ್ತು, ಪೆನ್ನಿನ ಮುಚ್ಚಳ ಕತ್ತರಿಸಿ ನೀರಿನ ಪೀಪಾಯಿಗಳಂತೆ ಜೋಡಿಸಿ. ಟ್ಯಾಂಕ್ ಆಸೆ ಇದ್ದರೆ ಬೊಲಿವಿಯಾಕ್ಕೆ ಒಂದೇ ಒಂದು ವಿಕರ್ಸ್ ಕೊಡಿ. ಅವರ ಬಳಿ ನಿಜಕ್ಕೂ ಇದ್ದದ್ದು ಬೆರಳೆಣಿಕೆಯಷ್ಟೇ.

2. ನೆಲ

4 ಅಡಿ ಚೌಕದ ಥರ್ಮೋಕೋಲ್. ಮೇಲೆ ಫೆವಿಕಾಲ್ ಬಳಿದು ಜರಡಿ ಹಿಡಿದ ಮರಳು ಉದುರಿಸಿ. ಬಣ್ಣ ಬಿಳಿಚಿದ ಬೂದು ಕಂದು. ನಮ್ಮ ಕಡೆಯ ಕೆಂಪು ಮಣ್ಣು ಹಾಕಿದರೆ ಅದು ಚಾಕೋ ಅನ್ನಿಸುವುದೇ ಇಲ್ಲ. ತೆಂಗಿನ ನಾರು, ಒಣಗಿದ ತುಳಸಿ ಕಡ್ಡಿಗಳಿಂದ ಕುರುಚಲು ಕಾಡು ಮಾಡಿ, ಮೇಜಿನ ಅರ್ಧಕ್ಕಿಂತ ಜಾಸ್ತಿ ತುಂಬಿಸಿ. ನಡುವೆ ಒಂದು ಕಿರಿದಾದ ಲಾರಿ ದಾರಿ. ಅದರ ಒಂದು ತುದಿಯಲ್ಲಿ ಬಾವಿ.

3. ನಿಯಮ

ಇಲ್ಲಿ ಸ್ವಲ್ಪ ನಿಧಾನಿಸಿ, ಆಟದ ಜೀವ ಇರುವುದೇ ಇಲ್ಲಿ. ನೀಲಿ ಮಣಿಗಳನ್ನು ತನ್ನಿ. ಒಂದು ಮಣಿ ಎಂದರೆ ಒಂದು ತುಕಡಿಯ 2 ಸುತ್ತಿನ ನೀರು. ಪ್ರತಿ ತುಕಡಿಗೆ ಶುರುವಿನಲ್ಲಿ 2 ಮಣಿ. ಮುಗಿದ ಮೇಲೆ ಪ್ರತಿ ಸುತ್ತಿಗೂ ದಾಳ ಹಾಕಬೇಕು: 1 ಅಥವಾ 2 ಬಿದ್ದರೆ ಒಬ್ಬ ಸೈನಿಕ ಕುಸಿಯುತ್ತಾನೆ, ನಡಿಗೆ ಅರ್ಧಕ್ಕೆ ಇಳಿಯುತ್ತದೆ. ಬಾವಿ ಮುಟ್ಟಿದ ತುಕಡಿಗೆ ಮತ್ತೆ 2 ಮಣಿ.

ಲಾರಿಯಲ್ಲಿ 6 ಮಣಿ ಹಿಡಿಯುತ್ತವೆ. ಒಂದು ಸುತ್ತಿನಲ್ಲಿ ಅದರ ಓಟ ದಾರಿಯಲ್ಲಿ 12 ಇಂಚು, ದಾರಿ ಬಿಟ್ಟರೆ 3 ಇಂಚು. ಹೊರಡುವ ಮುನ್ನ ದಾಳದಲ್ಲಿ 1 ಬಿತ್ತೋ, ಇಂಜಿನ್ ಕೆಟ್ಟಿತು, ಆ ಸುತ್ತು ಅಲ್ಲೇ ನಿಲ್ಲಬೇಕು. ಆಟದಲ್ಲಿ ಜಾಸ್ತಿ ಕಿರುಚಾಟ ಕೇಳುವುದು ಈ ಒಂದು ದಾಳಕ್ಕೆ.

ಕಾಲಾಳು 6 ಇಂಚು, ಪೊದೆಯಲ್ಲಿ 3. ಪೊದೆಯೊಳಗೆ 6 ಇಂಚಿನಾಚೆ ಯಾರೂ ಕಾಣುವುದಿಲ್ಲ, ಆದ್ದರಿಂದ ದೂರದ ಫಿರಂಗಿಯ ಗೊಡವೆ ಬೇಡ. ಗುಂಡು ಹಾರಿಸಿದವನಿಗೆ 5, 6 ಬಿದ್ದರೆ ಎದುರಾಳಿಯ ಒಬ್ಬ ಹೋದ. ಟ್ಯಾಂಕಿಗೆ 2 ದಾಳ ಜಾಸ್ತಿ ಕೊಡಿ. ಆದರೆ ಒಳಗೆ ಕುದಿಯುವ ಸೆಕೆ, ಅಲ್ವಾ? ಮೂರು ಸುತ್ತಿಗೊಮ್ಮೆ ಮುಚ್ಚಳ ತೆರೆದು ಸುಮ್ನೆ ನಿಲ್ಲಲೇಬೇಕು.

ಪರಾಗ್ವೇಯವರು ಗ್ವಾರಾನಿ ಭಾಷೆಯಲ್ಲೇ ಸಂದೇಶ ಕಳಿಸುತ್ತಿದ್ದರು, ಕದ್ದು ಕೇಳಿದರೂ ಎದುರಾಳಿಗೆ ಅರ್ಥವಾಗುತ್ತಿರಲಿಲ್ಲ. ಅದಕ್ಕಾಗಿ ಬೊಲಿವಿಯಾ ಆಟಗಾರ ತನ್ನ ಮುಂದಿನ ಚಲನೆಯನ್ನು ಬಾಯಿಬಿಟ್ಟು ಹೇಳಬೇಕು. ಪರಾಗ್ವೇಯವನು ಚೀಟಿಯಲ್ಲಿ ಬರೆದು ಮಡಚಿಡಬಹುದು.

4. ಮೊದಲ ಆಟ: ಇರೆಂಡಗುವೆ, ಡಿಸೆಂಬರ್ 1934

1932ರ ಸೆಪ್ಟೆಂಬರ್‌ನ ಬೊಕೆರೋನ್ ಮುತ್ತಿಗೆ ಹೆಸರುವಾಸಿ, ಆದರೆ ಹೊಸಬರಿಗೆ ಇರೆಂಡಗುವೆಯ ಕಾಳಗವೇ ವಾಸಿ. ಬೊಲಿವಿಯಾದ ದೊಡ್ಡ ಪಡೆ ಬಾವಿಗಳನ್ನು ಹಿಂದೆ ಬಿಟ್ಟು ಮುಂದೆ ಹೋಗಿತ್ತು. ಪರಾಗ್ವೇಯ ಕರ್ನಲ್ ಯುಜೆನಿಯೋ ಗರಾಯ್ ತನ್ನ ಜನರನ್ನು ನೀರಿಲ್ಲದ ಕಾಡಿನೊಳಗೆ ನಡೆಸಿಕೊಂಡು ಬಂದು ಆ ಬಾವಿಗಳನ್ನೇ ಹಿಡಿದುಬಿಟ್ಟ. ಮುಂದಿದ್ದ ಪಡೆ ಬಾಯಾರಿಕೆಯಿಂದಲೇ ಚದುರಿಹೋಯಿತು.

ಮೇಜಿನ ಮೇಲೆ ಹೀಗೆ ಜೋಡಿಸಿ. ಬಾವಿಯ ಬಳಿ ಬೊಲಿವಿಯಾದ ಒಂದು ತುಕಡಿ. ಉಳಿದ ಮೂರು ತುಕಡಿ ಮತ್ತು ಲಾರಿ ದಾರಿಯ ಇನ್ನೊಂದು ತುದಿಯಲ್ಲಿ. ಇವರಿಗೆ ತುಕಡಿಗೆ ಒಂದೇ ಮಣಿ, ಲಾರಿಯೂ ಖಾಲಿ. ಪರಾಗ್ವೇಯ ಮೂರು ತುಕಡಿ ಪಕ್ಕದ ಅಂಚಿನ ಪೊದೆಯಿಂದ ಬರುತ್ತವೆ; ತುಕಡಿಗೆ ಒಂದು ಮಣಿ, ಲಾರಿ ಇಲ್ಲ. ನಾಲ್ಕನೆಯದನ್ನು ಪೆಟ್ಟಿಗೆಯಲ್ಲೇ ಬಿಡಿ. ಈ ಆಟಕ್ಕೆ ಟ್ಯಾಂಕೂ ಬೇಡ. 10 ಸುತ್ತು. ಕೊನೆಗೆ ಬಾವಿ ಯಾರ ಕೈಯಲ್ಲಿದೆಯೋ ಅವರು ಗೆದ್ದರು.

ಮೊದಲೆರಡು ಸುತ್ತು ಏನೂ ಆಗದಂತೆ ಕಾಣುತ್ತದೆ. ಮೂರನೆಯದರಲ್ಲಿ ಮಣಿ ಖಾಲಿಯಾದಾಗ ಇಬ್ಬರ ಲೆಕ್ಕವೂ ತಪ್ಪುತ್ತದೆ. ಪರಾಗ್ವೇ ಪದೇ ಪದೇ ಗೆಲ್ಲುತ್ತಿದ್ದರೆ ಬಾವಿ ಕಾಯುವವರಿಗೆ ಒಂದು ಮೆಷಿನ್ ಗನ್ ಸೇರಿಸಿ. ಬೊಲಿವಿಯಾ ಗೆಲ್ಲುತ್ತಿದ್ದರೆ ಅವರ ಲಾರಿ 1ಕ್ಕಷ್ಟೇ ಅಲ್ಲ, 2 ಬಿದ್ದರೂ ಕೆಡಲಿ.