ಮಾಡಿಫೈ ಮಾಡಿದ ಕಾರಿಗೆ ನಿಜವಾದ ಬೆಲೆಗೆ ಇನ್ಶೂರೆನ್ಸ್ ಮಾಡಿಸುವುದು ಹೇಗೆ

ಕಾರಿಗೆ ಎಂಜಿನ್ ಶಕ್ತಿ ಹೆಚ್ಚಿಸುವ ಟರ್ಬೊ ಕೂರಿಸಿದ್ದೀರಿ, ಸಸ್ಪೆನ್ಷನ್ ಬದಲಾಗಿದೆ, ಬ್ರೇಕು, ಚಕ್ರ, ಸೀಟು ಎಲ್ಲಾ ಹೊಸದು. ಆದರೆ ಇನ್ಶೂರೆನ್ಸ್ ಕಂಪನಿಯ ಲೆಕ್ಕದಲ್ಲಿ ಅದು ಇನ್ನೂ ಫ್ಯಾಕ್ಟರಿಯಿಂದ ಬಂದ ಮಾಮೂಲಿ ಕಾರೇ. ಅದೂ ವರ್ಷ ವರ್ಷ ಬೆಲೆ ಇಳಿಯುತ್ತಿರುವ ಹಳೇ ಕಾರು. ನಾಳೆ ಅದು ಕಳವಾದರೆ ಅಥವಾ ಸುಟ್ಟುಹೋದರೆ ಸಿಗುವುದು ಆ ಮಾಮೂಲಿ ಕಾರಿನ ದುಡ್ಡು ಮಾತ್ರ. ಅದಕ್ಕೇ ಹೇಳುತ್ತೇನೆ, ಕಾರಿನ ಬೆಲೆ ಎಷ್ಟು ಅನ್ನುವುದು ಏನಾದರೂ ಆಗುವ ಮೊದಲೇ ಕಾಗದದ ಮೇಲೆ ತೀರ್ಮಾನವಾಗಿರಬೇಕು.

ಮೊದಲು ನಿಮ್ಮ ಪಾಲಿಸಿ ಯಾವ ಲೆಕ್ಕದಲ್ಲಿ ದುಡ್ಡು ಕೊಡುತ್ತದೆ ನೋಡಿ. ಸಾಮಾನ್ಯ ಪಾಲಿಸಿಗಳಲ್ಲಿ ಇರುವುದು ಮಾರ್ಕೆಟ್ ವ್ಯಾಲ್ಯೂ, ಅಂದರೆ ಸವಕಳಿ ಕಳೆದು ಆ ದಿನಕ್ಕೆ ಕಾರು ಎಷ್ಟು ಬಾಳುತ್ತದೋ ಅಷ್ಟು. ಎರಡನೆಯದು ಸ್ಟೇಟೆಡ್ ವ್ಯಾಲ್ಯೂ. ಇದರಲ್ಲಿ ಬೆಲೆಯನ್ನು ನೀವೇ ಹೇಳುತ್ತೀರಿ, ಪ್ರೀಮಿಯಂ ಕೂಡ ಅದರ ಮೇಲೆಯೇ ಕಟ್ಟುತ್ತೀರಿ. ಆದರೆ ಒಳಗೆ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ನೀವು ಹೇಳಿದ ಬೆಲೆ, ಮಾರ್ಕೆಟ್ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಈ ಸಾಲನ್ನು ಓದದೆ ಸಹಿ ಹಾಕಬೇಡಿ. ನಿಮಗೆ ಬೇಕಾಗಿರುವುದು ಮೂರನೆಯದು, ಅಗ್ರೀಡ್ ವ್ಯಾಲ್ಯೂ. ಇಬ್ಬರೂ ಒಪ್ಪಿ ಒಂದು ಮೊತ್ತ ಬರೆದಿಡುತ್ತೀರಿ, ಕಾರು ಪೂರ್ತಿ ಹೋದರೆ ಡಿಡಕ್ಟಬಲ್ (ಕ್ಲೇಮಿನಲ್ಲಿ ನೀವೇ ಹೊರಬೇಕಾದ ಪಾಲು) ಕಳೆದು ಅಷ್ಟೇ ಮೊತ್ತ ಕೊಡಬೇಕು. ಏಜೆಂಟ್ ಬಾಯಿಮಾತಿನಲ್ಲಿ 'ಎರಡೂ ಒಂದೇ ಸರ್' ಅಂದರೆ ನಂಬಬೇಡಿ, ಪಾಲಿಸಿಯ ಪುಟದಲ್ಲಿ 'ಅಗ್ರೀಡ್ ವ್ಯಾಲ್ಯೂ' ಅನ್ನುವ ಮಾತು ಎಲ್ಲಿದೆ ತೋರಿಸಿ ಅನ್ನಿ. ಎಲ್ಲ ಕಂಪನಿಗಳೂ ಇದನ್ನು ಕೊಡುವುದಿಲ್ಲ. ಕ್ಲಾಸಿಕ್ ಮತ್ತು ಮಾಡಿಫೈಡ್ ಕಾರುಗಳಿಗೆ ಅಂತಲೇ ಪಾಲಿಸಿ ಮಾಡುವವರಲ್ಲಿ ಸಿಗುವುದು ಜಾಸ್ತಿ. ಅವರು ಕೆಲವು ಷರತ್ತು ಹಾಕಬಹುದು. ವರ್ಷಕ್ಕೆ ಇಂತಿಷ್ಟೇ ಕಿಲೋಮೀಟರ್ ಓಡಿಸಬೇಕು, ರಾತ್ರಿ ಬೀಗ ಹಾಕಿದ ಗ್ಯಾರೇಜಿನಲ್ಲಿ ಇರಬೇಕು, ದಿನದ ಓಡಾಟಕ್ಕೆ ಬೇರೆ ಕಾರು ಇರಬೇಕು, ಹೀಗೆ. ನಿಮ್ಮ ಬಳಕೆಗೆ ಅದು ಹೊಂದದಿದ್ದರೆ ಮಾಮೂಲಿ ಪಾಲಿಸಿಗೇ ಹೆಚ್ಚುವರಿ ಭಾಗಗಳ ಕವರ್ ಸೇರಿಸಿಕೊಳ್ಳಿ. ಇದಕ್ಕೆ ಒಂದು ಮಿತಿ ಇರುತ್ತದೆ, ತಾನಾಗಿ ಬರುವ ಮಿತಿ ಬಹಳ ಸಣ್ಣದು. ಅದನ್ನು ಏರಿಸಲು ಕೇಳಲೇಬೇಕು.

ಏನೇನು ಬದಲಿಸಿದ್ದೀರೋ ಎಲ್ಲವನ್ನೂ ಹೇಳಿ. ಪ್ರೀಮಿಯಂ ಏರುತ್ತದೆ ಅಂತ ಎಂಜಿನ್ ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಸಾಫ್ಟ್‌ವೇರ್ ಬದಲಿಸುವುದು) ಮುಚ್ಚಿಡುವವರು ಬೇಕಾದಷ್ಟು ಜನ ಇದ್ದಾರೆ. ಕ್ಲೇಮ್ ಹೊತ್ತಿಗೆ ಹಾನಿ ಪರೀಕ್ಷಿಸಲು ಬರುವ ಸರ್ವೇಯರ್ ಬಾನೆಟ್ ಎತ್ತುತ್ತಾನೆ, ಹೇಳದೇ ಇದ್ದದ್ದು ಸಿಕ್ಕರೆ ಆ ಒಂದು ಭಾಗ ಮಾತ್ರವಲ್ಲ, ಇಡೀ ಕ್ಲೇಮೇ ತಿರಸ್ಕಾರ ಆಗಬಹುದು. ಚಕ್ರದ ಅಳತೆ, ಮೈಗೆ ಸುತ್ತಿದ ವ್ರ್ಯಾಪ್, ಕಾರು ಉರುಳಿದರೆ ಕಾಪಾಡುವ ಒಳಗಿನ ಲೋಹದ ಚೌಕಟ್ಟು (ರೋಲ್ ಕೇಜ್), ಮ್ಯೂಸಿಕ್ ಸಿಸ್ಟಮ್, ಎಲ್ಲವೂ ಪಟ್ಟಿಯಲ್ಲಿ ಇರಲಿ. ಮೇಲ್ ಮೂಲಕವೇ ಕಳಿಸಿ, ಅವರ ಉತ್ತರ ಜೋಪಾನವಾಗಿಡಿ. ಎಂಜಿನ್ನೇ ಬೇರೆ ಹಾಕಿಸಿದ್ದರೆ ನೋಂದಣಿ ಪತ್ರದಲ್ಲೂ ಅದು ಬದಲಾಗಿರಬೇಕು. ರಸ್ತೆಗೆ ಕಾನೂನುಬದ್ಧವಲ್ಲದ ಬದಲಾವಣೆ ಇದ್ದರೆ ಎಷ್ಟು ದೊಡ್ಡ ಪಾಲಿಸಿ ಇದ್ದರೂ ಕಷ್ಟವೇ.

ಈಗ ಪುರಾವೆ. ಇಲ್ಲಿ ಸೋಮಾರಿತನ ಬೇಡವೇ ಬೇಡ. ಬಿಲ್ಲುಗಳನ್ನು ಸ್ಕ್ಯಾನ್ ಮಾಡಿ, ಉಷ್ಣಕ್ಕೆ ಅಚ್ಚಾಗುವ ಕಾಗದದ ಬಿಲ್ಲಾದರೆ ಇವತ್ತೇ ಮಾಡಿ, ಅಕ್ಷರ ಅಳಿಸಿಹೋಗುತ್ತದೆ. ಲೇಬರ್ ಚಾರ್ಜ್‌ಗೂ ಬಿಲ್ ಕೇಳಿ ಪಡೆಯಿರಿ, ಯಾಕೆಂದರೆ ದೊಡ್ಡ ಮಾಡಿಫೈ ಕೆಲಸಗಳಲ್ಲಿ ಕೂಲಿಯೇ ಭಾಗಗಳ ಬೆಲೆಗೆ ಸಮವಾಗಿ ನಿಲ್ಲುವುದುಂಟು. ಕೆಲಸ ನೀವೇ ಮಾಡಿದ್ದರೆ ಯಾವ ದಿನ ಏನು ಮಾಡಿದಿರಿ ಅಂತ ಫೋಟೋ ಸಮೇತ ಬರೆದಿಡಿ. ಫೋಟೋ ಅಂದರೆ ಹೊರಗಿನಿಂದ ಚೆಂದದ ನಾಲ್ಕು ಚಿತ್ರ ಅಲ್ಲ. ಟರ್ಬೊ ಮೇಲಿನ ಸೀರಿಯಲ್ ನಂಬರ್, ಚಕ್ರದ ಒಳಬದಿಯ ಅಚ್ಚು, ಸೀಟಿನ ಲೇಬಲ್, ಚಾಸಿ ನಂಬರ್, ಕಾರಿನ ಅಡಿಭಾಗ, ಎಂಜಿನ್ ಬಿಚ್ಚಿದಾಗ ಒಳಗೆ ಹಾಕಿದ ಪಿಸ್ಟನ್ನು ಇವುಗಳ ಚಿತ್ರ ಬೇಕು. ಮುಚ್ಚಿದ ಮೇಲೆ ಕಾಣದ ಭಾಗವನ್ನು ಮುಚ್ಚುವ ಮೊದಲೇ ತೆಗೆಯಬೇಕು ಅಲ್ವಾ? ಡೈನೊ (ಎಂಜಿನ್ ಶಕ್ತಿ ಅಳೆಯುವ ಪರೀಕ್ಷೆ) ಮಾಡಿಸಿದ್ದರೆ ಹಿಂದಿನ ಮತ್ತು ಈಗಿನ ಎರಡೂ ಶೀಟ್ ಇರಲಿ. ಇದೆಲ್ಲದರ ಪ್ರತಿ ಆನ್‌ಲೈನ್‌ನಲ್ಲೂ ಇರಲಿ, ಗ್ಯಾರೇಜಿಗೆ ಬೆಂಕಿ ಬಿದ್ದರೆ ಕಾರಿನ ಜೊತೆ ಫೈಲೂ ಬೂದಿ. ಬಿಚ್ಚಿದ ಒರಿಜಿನಲ್ ಭಾಗಗಳನ್ನು ಆದಷ್ಟು ಮಾರಬೇಡಿ. ಅವು ಇದ್ದರೆ ಕಾರಿನ ಬೆಲೆಯೂ ನಿಲ್ಲುತ್ತದೆ.

ಒಂದು ಕಹಿ ವಿಷಯ. ನೀವು ಸುರಿದ ದುಡ್ಡು ಬೇರೆ, ಕಾರಿನ ಬೆಲೆ ಬೇರೆ. ಬಿಲ್ಲುಗಳನ್ನು ಕೂಡಿಸಿ ಬಂದ ಮೊತ್ತವನ್ನೇ ಕೇಳಿದರೆ ಯಾರೂ ಒಪ್ಪುವುದಿಲ್ಲ. ಕಂಪನಿಗೂ ನಿಮಗೂ ಸಂಬಂಧವಿಲ್ಲದ, ಮಾಡಿಫೈಡ್ ಕಾರು ಗೊತ್ತಿರುವ, ಬೆಲೆ ಕಟ್ಟುವ ವ್ಯಾಲ್ಯುಯರ್ ಒಬ್ಬರಿಂದ ಕಾರನ್ನು ಎದುರಿಗೇ ಪರೀಕ್ಷೆ ಮಾಡಿಸಿ ವರದಿ ತೆಗೆದುಕೊಳ್ಳಿ. ಫೋಟೋ ನೋಡಿ ಬರೆದುಕೊಡುವವರ ವರದಿಗೆ ಅಷ್ಟು ತೂಕ ಇರುವುದಿಲ್ಲ. ವರದಿಯಲ್ಲಿ ನಿಮ್ಮದೇ ಥರದ ಕಾರುಗಳು ಎಷ್ಟಕ್ಕೆ ಮಾರಾಟವಾದವು ಅನ್ನುವ ಹೋಲಿಕೆ ಇರಬೇಕು, ಮತ್ತು ಅದೇ ಕಾರನ್ನು ಈಗ ಮತ್ತೆ ಕಟ್ಟಿಸಲು ಎಷ್ಟಾಗುತ್ತದೆ ಅನ್ನುವ ಲೆಕ್ಕ ಬೇರೆಯಾಗಿಯೇ ಇರಬೇಕು.

ಪ್ರೀಮಿಯಂ ಉಳಿಸಲು ಬೆಲೆ ಕಡಿಮೆ ತೋರಿಸುವುದು ಇನ್ನೊಂದು ಅಪಾಯ. ಕಾರಿನ ನಿಜವಾದ ಬೆಲೆ 100 ಅಂದುಕೊಳ್ಳಿ, ಪಾಲಿಸಿಯಲ್ಲಿ 40 ಇದೆ, ಗುದ್ದಿದ ಮೇಲೆ ರಿಪೇರಿಗೆ 32 ಬೇಕು. ರಿಪೇರಿ ಖರ್ಚು ಇನ್ಶೂರೆನ್ಸ್ ಮೊತ್ತದ ಇಂತಿಷ್ಟು ಪಾಲು ದಾಟಿದರೆ, ಹಲವು ಕಡೆ ಅದು ಶೇಕಡ 75ರ ಆಸುಪಾಸು, ಟೋಟಲ್ ಲಾಸ್, ಅಂದರೆ ಕಾರು ಪೂರ್ತಿ ಹೋಯಿತು ಅಂತ ಬರೆದುಬಿಡುತ್ತಾರೆ. ಇಲ್ಲಿ ಅದು ಶೇಕಡ 80 ಆಯಿತು. ಸುಲಭವಾಗಿ ಸರಿಹೋಗುತ್ತಿದ್ದ ಕಾರು ಗುಜರಿಗೆ ಹೋಗುತ್ತದೆ, ನಿಮಗೆ ಸಿಗುವುದು 40 ಮಾತ್ರ. ಪೂರ್ತಿ ಬೆಲೆಗೆ ಮಾಡಿಸಿದ್ದರೆ ಅದೇ ಕಾರು ರಿಪೇರಿ ಆಗಿ ಮನೆಗೆ ಬರುತ್ತಿತ್ತು.

ಹಾಗೆಯೇ ಸಣ್ಣ ಹಾನಿಯ ಬಗ್ಗೆಯೂ ಕೇಳಿ. ಒಡೆದ ಭಾಗದ ಜಾಗಕ್ಕೆ ಅದೇ ಮಾಡಿಫೈಡ್ ಭಾಗ ಹಾಕಿಕೊಡುತ್ತಾರೋ, ಫ್ಯಾಕ್ಟರಿ ಭಾಗವೋ? ವರ್ಕ್‌ಶಾಪ್ ಆರಿಸುವ ಹಕ್ಕು ಯಾರದು? ಟೋಟಲ್ ಲಾಸ್ ಆದರೆ ಗುಜರಿ ಬೆಲೆ ಕಡಿತ ಮಾಡಿಸಿಕೊಂಡು ಕಾರನ್ನು ನೀವೇ ಇಟ್ಟುಕೊಳ್ಳಬಹುದಾ? ಹೊರಗೆ ಬಿಚ್ಚಿಟ್ಟ ಬಿಡಿಭಾಗಗಳಿಗೆ ಕವರ್ ಇದೆಯಾ? ಟ್ರ್ಯಾಕ್‌ಗೆ ಹೋಗುವವರಾದರೆ ನೆನಪಿಡಿ, ರೇಸು ಮತ್ತು ಸಮಯ ಅಳೆಯುವ ಓಟ ಮಾಮೂಲಿ ಪಾಲಿಸಿಗಳಲ್ಲಿ ಸೇರುವುದಿಲ್ಲ, ಅದಕ್ಕೆ ಬೇರೆ ಕವರ್ ಬೇಕು.

ಕೆಲಸ ಇನ್ನೂ ನಡೆಯುತ್ತಿರುವ ಕಾರಾದರೆ ಹಂತ ಹಂತವಾಗಿ ಮೊತ್ತ ಏರಿಸಿಕೊಂಡು ಹೋಗಿ. ಪೇಂಟ್ ಮುಗಿದ ದಿನ, ಎಂಜಿನ್ ಕೂತ ದಿನ ಒಂದೊಂದು ಮೇಲ್ ಕಳಿಸಿ. ಕಾರು ತಿಂಗಳುಗಟ್ಟಲೆ ವರ್ಕ್‌ಶಾಪಿನಲ್ಲೇ ನಿಂತಿದ್ದರೆ ಅಲ್ಲಿ ಕಳವಾದರೆ, ಬೆಂಕಿ ಬಿದ್ದರೆ ಯಾರ ಪಾಲಿಸಿ ಕೊಡುತ್ತದೆ ಅಂತ ಮೊದಲೇ ಬರಹದಲ್ಲಿ ಪಡೆಯಿರಿ. ರಿನ್ಯೂವಲ್ ಬಂದಾಗ ಸುಮ್ನೆ ದುಡ್ಡು ಕಟ್ಟಬೇಡಿ, ಅಗ್ರೀಡ್ ವ್ಯಾಲ್ಯೂ ಅಷ್ಟೇ ಇದೆಯಾ, ಇಳಿದಿದೆಯಾ, ಮಾರ್ಕೆಟ್ ವ್ಯಾಲ್ಯೂಗೆ ಬದಲಾಗಿದೆಯಾ ನೋಡಿ. ಎರಡು ಮೂರು ವರ್ಷಕ್ಕೊಮ್ಮೆ ವ್ಯಾಲ್ಯುಯರ್ ವರದಿಯನ್ನೂ ಹೊಸದಾಗಿ ಮಾಡಿಸಿ.

ಕ್ಲೇಮ್ ಮಾಡುವ ದಿನ ಬಂದೇ ಬಂದರೆ, ಕಾರನ್ನು ಯಾರ ಯಾರ್ಡಿಗೋ ಎಳೆದುಕೊಂಡು ಹೋಗುವ ಮೊದಲು ಪ್ರತಿ ಭಾಗದ ಫೋಟೋ ತೆಗೆಯಿರಿ, ಚಕ್ರ, ಸೀಟು, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಅಲ್ಲಿಂದ ಮಾಯವಾದರೆ ಇತ್ತು ಅಂತ ತೋರಿಸಲು ಬೇಕು. ಮೊದಲು ಹೇಳಿದ ಮೊತ್ತಕ್ಕೆ ತಕ್ಷಣ ಒಪ್ಪಬೇಡಿ. ಯಾವ ಕಾರುಗಳ ಜೊತೆ ಹೋಲಿಸಿ ಆ ಬೆಲೆ ಕಟ್ಟಿದ್ದೀರಿ, ವರದಿ ಕೊಡಿ ಅನ್ನಿ. ಮಾಮೂಲಿ ಕಾರುಗಳ ಜೊತೆಯೇ ಹೋಲಿಸಿದ್ದರೆ ನಿಮ್ಮ ವ್ಯಾಲ್ಯುಯರ್ ವರದಿಯನ್ನು ಮುಂದಿಡಿ. ಕೆಲವು ಪಾಲಿಸಿಗಳಲ್ಲಿ ಎರಡೂ ಕಡೆಯವರು ಒಬ್ಬೊಬ್ಬ ವ್ಯಾಲ್ಯುಯರನ್ನು ನೇಮಿಸಿ, ಅವರಿಗೆ ಒಮ್ಮತ ಬರದಿದ್ದರೆ ಮೂರನೆಯವರು ತೀರ್ಮಾನ ಮಾಡುವ ಅವಕಾಶ ಇರುತ್ತದೆ. ನಿಮ್ಮ ಪಾಲಿಸಿಯಲ್ಲಿ ಅದಿದ್ದರೆ ಬಳಸಿ, ಎಲ್ಲಾ ಮಾತುಕತೆಯನ್ನೂ ಮೇಲ್‌ನಲ್ಲೇ ಮಾಡಿ.