ಪ್ರಶ್ನೆ ಬರೆಯುವ ಮುನ್ನ ಮನೆ ಎಣಿಸಿ

ನಲ್ಲಿ ನೀರನ್ನು ಕುಡಿಯಲು ಬಳಸುವ ಮನೆಗಳೆಷ್ಟು? ಒಂದು ಗ್ರಾಮ ಪಂಚಾಯಿತಿಯಲ್ಲಿ ಇದನ್ನು ತಿಳಿಯಹೊರಟವರು ಮೊದಲು ಪ್ರಶ್ನಾವಳಿ ಬರೆಯಲು ಕೂರುತ್ತಾರೆ. ಅದು ಆಮೇಲಿನ ಕೆಲಸ. ಈ ಲೆಕ್ಕ ಯಾರದ್ದು ಎಂಬುದು ಮೊದಲು ಇತ್ಯರ್ಥವಾಗಬೇಕು.

ಸಮಷ್ಟಿ ಗೊತ್ತುಪಡಿಸಿ

ಸಮಷ್ಟಿ ಎಂದರೆ ನಿಮ್ಮ ಲೆಕ್ಕ ಯಾರಿಗೆಲ್ಲ ಅನ್ವಯಿಸುತ್ತದೋ ಅವರ ಇಡೀ ಗುಂಪು. ‘ಊರಿನ ಜನ’ ಎಂದರೆ ಸಾಲದು. ಯಾರು, ಎಲ್ಲಿ, ಯಾವಾಗ ಮೂರೂ ಇರಲಿ: ‘ಪಂಚಾಯಿತಿ ವ್ಯಾಪ್ತಿಯಲ್ಲಿ, ಸಮೀಕ್ಷೆಯ ದಿನಕ್ಕೆ ಕನಿಷ್ಠ 6 ತಿಂಗಳಿಂದ ವಾಸವಿದ್ದು, ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವ ಕುಟುಂಬಗಳು.’ ಜನಗಣತಿಯೂ ಕುಟುಂಬವನ್ನು ಗುರುತಿಸುವುದು ಅಡುಗೆಮನೆಯಿಂದಲೇ. ಅಣ್ಣತಮ್ಮಂದಿರು ಒಂದೇ ಸೂರಿನಡಿ ಬೇರೆ ಬೇರೆ ಒಲೆ ಹೂಡಿದ್ದರೆ ಎರಡು ಕುಟುಂಬ. ಆ 6 ತಿಂಗಳ ಷರತ್ತು ಇದೆಯಲ್ಲ, ಅದು ಇಟ್ಟಿಗೆ ಗೂಡಿಗೆ, ಕಬ್ಬು ಕಡಿಯಲು ಬಂದು ಗುಡಿಸಲು ಹಾಕಿಕೊಂಡವರನ್ನು ಹೊರಗಿಡುತ್ತದೆ. ನೀರಿನ ತಾಪತ್ರಯ ಅವರಿಗೇ ಹೆಚ್ಚಿರಬಹುದು. ಬಿಡುವುದಾದರೆ ತಿಳಿದೇ ಬಿಡಿ, ವರದಿಯಲ್ಲೂ ಹೇಳಿ.

ಪಟ್ಟಿ ಮಾಡಿ

ಸಿದ್ಧ ಪಟ್ಟಿಗಳನ್ನು ನೆಚ್ಚಬೇಡಿ. ಮತದಾರರ ಪಟ್ಟಿಯಲ್ಲಿ ಊರು ಬಿಟ್ಟವರೂ ಉಳಿದಿರುತ್ತಾರೆ. ಮನೆಗಂದಾಯದ ಪುಸ್ತಕದಲ್ಲಿ ಮಾಲೀಕರಿದ್ದಾರೆ, ಬಾಡಿಗೆಯವರಿಲ್ಲ. ಬೀದಿಬೀದಿ ನಡೆದು, ತೋಟದ ಮನೆಗಳನ್ನೂ ಸೇರಿಸಿ, ಕೈನಕ್ಷೆ ಬರೆದು ಕ್ರಮಸಂಖ್ಯೆ ಕೊಡಿ.

ಎಷ್ಟು ಮನೆ?

ಎಲ್ಲ ಮನೆಗೂ ಹೋಗಬೇಕಿಲ್ಲ, ಪಟ್ಟಿಯಿಂದ ಕೆಲವನ್ನು ಆರಿಸಿ ಕೇಳಿದರೆ ಸಾಕು. ಸಿಗುವ ಶೇಕಡಾವಾರು ಅಂಕಿ ನಿಜವಾದದ್ದಕ್ಕಿಂತ ಹೆಚ್ಚೆಂದರೆ 5 ಅಂಶ ಆಚೀಚೆ ಇರಲಿ (±5 ದೋಷಮಿತಿ), ಇಂಥ 100 ಸಮೀಕ್ಷೆಗಳಲ್ಲಿ ಸುಮಾರು 95ರಲ್ಲಿ ಹಾಗಾಗಲಿ (ಶೇ 95 ವಿಶ್ವಾಸ ಮಟ್ಟ) ಎಂದರೆ ಸಂಖ್ಯಾಶಾಸ್ತ್ರದ ಸೂತ್ರ ಕೊಡುವುದು 384. ಆದರೆ ಸಮಷ್ಟಿಯೇ 1,200 ಕುಟುಂಬಗಳಾದರೆ 291 ಸಾಕು. ಶೇ 10ರಷ್ಟು ಮಂದಿ ಸಿಗಲಾರರು ಎಂದು ಹಿಡಿದು 324ಕ್ಕೆ ಏರಿಸಿ.

1,200ನ್ನು 324ರಿಂದ ಭಾಗಿಸಿದರೆ ಸುಮಾರು 3.7. ಪಟ್ಟಿಯಲ್ಲಿ ಇಷ್ಟು ಅಂತರಕ್ಕೊಂದು ಮನೆ ಆರಿಸಬೇಕು. ಇಲ್ಲೇ ಎಡವುವುದು. ದಶಮಾಂಶದ ರಗಳೆ ಬೇಡವೆಂದು ಪ್ರತಿ ಮೂರನೇ ಮನೆ ಹಿಡಿದರೆ 970ರ ಆಸುಪಾಸಿನಲ್ಲೇ 324 ಮುಗಿಯುತ್ತದೆ. ಪಟ್ಟಿಯ ಕೊನೆಯಲ್ಲಿರುವ ದೂರದ ಹಟ್ಟಿ, ತಾಂಡಾಗಳಿಗೆ ಯಾರೂ ಹೋಗುವುದೇ ಇಲ್ಲ. ಅದರ ಬದಲು 0.1ರಿಂದ 3.7ರವರೆಗೆ 37 ಚೀಟಿ ಬರೆದು ಒಂದನ್ನು ಎತ್ತಿ. 2.1 ಬಂತೆನ್ನಿ: 3.7 ಕೂಡಿಸುತ್ತ 5.8, 9.5, 13.2 ಎಂದು ಸಾಗಿ, ಪ್ರತಿಯೊಂದನ್ನೂ ಮೇಲಿನ ಪೂರ್ಣಸಂಖ್ಯೆಗೆ ಏರಿಸಿ. 3, 6, 10, 14ನೇ ಮನೆಗಳು ನಿಮ್ಮವು.

ಬಾಗಿಲು ಹಾಕಿದ್ದರೆ?

ಪಕ್ಕದ ಮನೆಗೆ ಹೋಗಬೇಡಿ. ಮಧ್ಯಾಹ್ನ ಮನೆಯಲ್ಲಿ ಸಿಗುವವರು ಕೂಲಿಗೆ ಹೋದವರಂತಲ್ಲ. ಬೆಳಿಗ್ಗೆ, ಸಂಜೆ, ಭಾನುವಾರ ಹೀಗೆ ಮೂರು ಸಲ ಬನ್ನಿ. ಆಗಲೂ ಸಿಗದಿದ್ದರೆ ‘ಸಿಗಲಿಲ್ಲ’ ಎಂದೇ ಬರೆದುಕೊಳ್ಳಿ.

ಏನು ಕೇಳುವುದು?

‘ಶುದ್ಧ ನೀರು ಕುಡಿಯುತ್ತೀರಾ?’ ಎಂದರೆ ಯಾರು ಇಲ್ಲವೆನ್ನುತ್ತಾರೆ? ‘ನಿನ್ನೆ ಕುಡಿದ ನೀರು ಎಲ್ಲಿಂದ ತಂದದ್ದು?’ ಎಂದು ಕೇಳಿ. ನಲ್ಲಿ, ಕೊಳವೆಬಾವಿ, ಶುದ್ಧ ನೀರಿನ ಘಟಕದ 20 ಲೀಟರ್ ಕ್ಯಾನ್ ಎಲ್ಲಕ್ಕೂ ಜಾಗವಿರಲಿ. ಉತ್ತರಿಸಬೇಕಾದವರು ಜಗಲಿಯ ಮೇಲೆ ಕೂತ ಯಜಮಾನರಲ್ಲ, ನೀರು ತರುವವರು. ಆಯ್ಕೆಯಾಗದ ಹತ್ತು ಹದಿನೈದು ಮನೆಗಳಲ್ಲಿ ಮೊದಲು ಕೇಳಿ ನೋಡಿದರೆ ತೊಡಕಿನ ಪ್ರಶ್ನೆಗಳು ಸಿಕ್ಕಿಬೀಳುತ್ತವೆ.

ಇನ್ನು ಫಲಿತಾಂಶ. ±5 ಎನ್ನುವುದು ಇಡೀ ಪಂಚಾಯಿತಿಯ ಅಂಕಿಗೆ ಮಾತ್ರ. ಒಂದು ಹಳ್ಳಿಯಿಂದ 40 ಕುಟುಂಬಗಳಷ್ಟೇ ಸಿಕ್ಕಿದ್ದರೆ ಅಲ್ಲಿ ದೋಷಮಿತಿ ಸುಮಾರು ±13. ಅಷ್ಟನ್ನು ನೆಚ್ಚಿ ಹಳ್ಳಿಹಳ್ಳಿಗಳನ್ನು ಹೋಲಿಸಲು ಹೋಗಬೇಡಿ.